ಬ್ರೇಕ್ ಕೆಲಸದ ಮರುದಿನ ಹತ್ತಿದ ಎರಡು ದೀಪ

ಪ್ರಶ್ನೆ: ಸರ್, ನಮಸ್ಕಾರ. ನಾನು ಮಂಡ್ಯದ ಕಲ್ಲಹಳ್ಳಿಯವನು. ಕೆಲಸಕ್ಕೆ ದಿನಾ ಮೈಸೂರಿಗೆ ಕಾರಲ್ಲೇ ಹೋಗಿಬರುತ್ತೇನೆ. 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 72,000 ಕಿ.ಮೀ. ಓಡಿದೆ. ಹೋದ ವಾರ ಪರಿಚಯದ ಗ್ಯಾರೇಜಿನಲ್ಲಿ ಮುಂದಿನ ಬ್ರೇಕ್ ಪ್ಯಾಡ್, ಹಿಂದಿನ ಶೂ ಬದಲಾಯಿಸಿ ಬ್ರೇಕ್ ಆಯಿಲ್ ಹೊಸದು ಹಾಕಿಸಿದೆ. ಹಿಂದಿನ ಎಡ ಚಕ್ರ ಗುಂಯ್ ಅನ್ನುತ್ತಿತ್ತು, ಅದರ ಬೇರಿಂಗೂ ಹೊಸದು ಹಾಕಿದರು. ಮರುದಿನ ಬೆಳಗ್ಗೆ ಮನೆಯಿಂದ ಮೇನ್ ರೋಡಿಗೆ ಬರುವಷ್ಟರಲ್ಲಿ ಮೀಟರಿನಲ್ಲಿ ಹಳದಿ ಎಬಿಎಸ್ ದೀಪ ಹತ್ತಿತು. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಹೋಗುತ್ತದೆ, ಸ್ವಲ್ಪ ದೂರ ಹೋದರೆ ಮತ್ತೆ ಬರುತ್ತದೆ. ಎರಡು ದಿನದಿಂದ ಕೆಂಪು ಬ್ರೇಕ್ ದೀಪವೂ ತಿರುವಿನಲ್ಲಿ ಆಗಾಗ ಮಿಣುಕುತ್ತಿದೆ. ಗ್ಯಾರೇಜಿನವರು "ಸೆನ್ಸರ್ ಲೈಟ್ ಅಷ್ಟೆ, ಬ್ರೇಕಿಗೂ ಅದಕ್ಕೂ ಸಂಬಂಧ ಇಲ್ಲ, ಓಡ್ಸಿ ಸಾರ್" ಅಂದರು. ಇನ್ನೊಂದು ಕಡೆ ತೋರಿಸಿದೆ, ಎಬಿಎಸ್ ಮಾಡ್ಯೂಲ್ ಹೋಗಿದೆ, 38,000 ಆಗುತ್ತದೆ ಅಂದರು. ಬಾಮೈದ ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರೆ ಸರಿಹೋಗುತ್ತೆ ಅಂತಾನೆ. ಅಮಾವಾಸ್ಯೆಗೆ ಮನೆಯವರನ್ನೆಲ್ಲ ಕರೆದುಕೊಂಡು ಮಾದಪ್ಪನ ಬೆಟ್ಟಕ್ಕೆ ಹೋಗಬೇಕು. ಈ ಕಾರಲ್ಲಿ ಹೋಗಬಹುದಾ? ಮಾಡ್ಯೂಲ್ ಹಾಕಿಸಲೇಬೇಕಾ? ಗ್ಯಾರೇಜಿನವರ ಹತ್ತಿರ ದುಡ್ಡು ವಾಪಸ್ ಕೇಳಬಹುದಾ?

ಉತ್ತರ: ನಿಮ್ಮ ಪತ್ರದ ಮುಕ್ಕಾಲು ಪಾಲು ಹಳದಿ ದೀಪದ್ದೇ ಮಾತು, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ದೀಪ. ಮೂವತ್ತೆಂಟು ಸಾವಿರ ಅಂದಮೇಲೆ ಯಾರ ಗಮನವಾದರೂ ಅಲ್ಲಿಗೇ ಹೋಗುತ್ತದೆ ಬಿಡಿ. ಆದರೆ ಓದುತ್ತಾ ಓದುತ್ತಾ ನಾನು ನಿಂತದ್ದು "ತಿರುವಿನಲ್ಲಿ" ಅನ್ನುವ ಒಂದು ಪದದ ಹತ್ತಿರ. ನೀವು ಅದನ್ನು ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಇವತ್ತು ತಲೆಕೆಡಿಸಿಕೊಳ್ಳಬೇಕಾದದ್ದು ಆ ಅರ್ಧ ಸಾಲಿಗೇ. ಹಳದಿ ದೀಪ ಇನ್ನೆರಡು ದಿನ ಕಾದೀತು. ಕೆಂಪು ದೀಪ ಕಾಯುವುದಿಲ್ಲ.

ಹಾಗಾಗಿ ಮುಂದೆ ಓದುವ ಮೊದಲು ಎದ್ದು ಹೋಗಿ ಒಂದು ಕೆಲಸ ಮಾಡಿ ಬನ್ನಿ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿ. ಹಿಂಭಾಗದಲ್ಲಿ, ಸಾಮಾನ್ಯವಾಗಿ ಡ್ರೈವರ್ ಕಡೆಗೆ, ಬೆಳ್ಳಗಿನ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರ ಮೈಮೇಲೆ ಮ್ಯಾಕ್ಸ್, ಮಿನ್ ಅಂತ ಎರಡು ಗೆರೆ. ಒಳಗಿನ ಬ್ರೇಕ್ ಆಯಿಲ್ ಯಾವ ಗೆರೆಯ ಹತ್ತಿರ ಇದೆ ನೋಡಿ. ಕಾಣದಿದ್ದರೆ ಮೊಬೈಲ್ ಟಾರ್ಚನ್ನು ಡಬ್ಬಿಯ ಪಕ್ಕಕ್ಕೆ ಹಿಡಿಯಿರಿ. ಮುಚ್ಚಳ ತೆಗೆಯುವುದು ಬೇಡ.

ಮಟ್ಟ ಮಿನ್ ಗೆರೆಯ ಹತ್ತಿರವೋ ಅದಕ್ಕಿಂತ ಕೆಳಗೋ ಇದೆ ಅಂತ ನನ್ನ ಅಂದಾಜು. ಯಾಕೆ ಅಂತ ಹೇಳುತ್ತೇನೆ.

ಆ ಡಬ್ಬಿಯೊಳಗೆ ಒಂದು ಚಿಕ್ಕ ತೇಲುಬಿಲ್ಲೆ ಇರುತ್ತದೆ. ಆಯಿಲ್ ಇಳಿದರೆ ಬಿಲ್ಲೆಯೂ ಇಳಿಯುತ್ತದೆ, ಸ್ವಿಚ್ ಕೂಡುತ್ತದೆ, ಕೆಂಪು ದೀಪ ಹತ್ತುತ್ತದೆ. ತೀರಾ ಕಡಿಮೆ ಇದ್ದರೆ ದೀಪ ಆರುವುದೇ ಇಲ್ಲ. ಅಂಚಿನಲ್ಲಿದ್ದರೆ ನೇರ ರಸ್ತೆಯಲ್ಲಿ ಸುಮ್ಮನಿರುತ್ತದೆ. ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿಯುತ್ತದೆ, ಬಿಲ್ಲೆ ಒಂದು ಕ್ಷಣ ಕೆಳಗೆ ಬಿದ್ದು ಮೇಲೇಳುತ್ತದೆ. ಅದೇ ನೀವು ಕಾಣುತ್ತಿರುವ ಮಿಣುಕು. ಹ್ಯಾಂಡ್‌ಬ್ರೇಕ್ ಲಿವರಿನ ಸ್ವಿಚ್ ಕೆಟ್ಟಿದ್ದರೂ ಇದೇ ದೀಪ ಮಿಣುಕಬಹುದು. ಆದರೆ ಅದು ಹಳ್ಳದಿಣ್ಣೆಯಲ್ಲಿ, ಹಂಪ್ ಹಾರುವಾಗ ಆಗುತ್ತದೆ. ತಿರುವಿಗೆ ಅದು ಲೆಕ್ಕವಿಡುವುದಿಲ್ಲ.

ಇದರಲ್ಲಿ ವಿಚಿತ್ರ ಏನು ಗೊತ್ತಾ? ಪ್ಯಾಡ್ ಸವೆಯುತ್ತಾ ಹೋದಂತೆ ಆಯಿಲ್ ಮಟ್ಟ ತಾನಾಗಿಯೇ ಇಳಿಯುತ್ತದೆ. ಸವೆದಷ್ಟೂ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗಕ್ಕೆ ಆಯಿಲ್ ತುಂಬಿಕೊಳ್ಳುತ್ತದೆ. ಅದು ಸೋರಿಕೆಯಲ್ಲ, ಸಹಜ. ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಒಳಗೆ ತಳ್ಳುತ್ತಾರೆ, ಆಯಿಲ್ ಮತ್ತೆ ಡಬ್ಬಿಗೆ ಬರುತ್ತದೆ. ಅಂದರೆ ಹೊಸ ಪ್ಯಾಡ್, ಹೊಸ ಶೂ, ಹೊಸ ಆಯಿಲ್ ಹಾಕಿದ ಕಾರಿನಲ್ಲಿ ಮಟ್ಟ ಮ್ಯಾಕ್ಸ್ ಹತ್ತಿರ ಇರಬೇಕು. ಒಂದೇ ವಾರದಲ್ಲಿ ಅದು ಅಂಚಿಗೆ ಬಂದಿದ್ದರೆ, ಒಂದೋ ಅವರು ತುಂಬಿಸುವಾಗಲೇ ಕಮ್ಮಿ ಹಾಕಿದ್ದಾರೆ, ಇಲ್ಲವೋ ಆಯಿಲ್ ಎಲ್ಲೋ ಹೊರಗೆ ಹೋಗುತ್ತಿದೆ. ನಿಮಗೆ ಮಿಣುಕು ಶುರುವಾದದ್ದು ಮೊದಲ ದಿನವಲ್ಲ, ಈಚೆಗೆ ಎರಡು ದಿನದಿಂದ. ಅದಕ್ಕೇ ನನಗೆ ಎರಡನೆಯದರ ಮೇಲೆ ಅನುಮಾನ ಜಾಸ್ತಿ.

ಎಲ್ಲಿಂದ ಹೋಗಬಹುದು? ಗಾಳಿ ತೆಗೆಯಲು ಬಿಚ್ಚಿದ ಬ್ಲೀಡರ್ ನಿಪ್ಪಲ್ ಸರಿಯಾಗಿ ಬಿಗಿಯಾಗಿರಲಿಕ್ಕಿಲ್ಲ. ಇದು ಎಲ್ಲಕ್ಕಿಂತ ಸುಲಭದ ತಪ್ಪು, ಅರ್ಧ ನಿಮಿಷದ ರಿಪೇರಿ. ಇನ್ನೊಂದು, ಹಿಂದಿನ ಡ್ರಮ್ಮಿನೊಳಗೆ ಶೂಗಳನ್ನು ಹೊರಕ್ಕೆ ತಳ್ಳುವ ವ್ಹೀಲ್ ಸಿಲಿಂಡರ್. ಇದು ಮೆಕ್ಯಾನಿಕ್ ತಪ್ಪಿಲ್ಲದೆಯೂ ಆಗುವಂಥದ್ದು. ಹಳೇ ಶೂ ಸವೆದಿದ್ದಾಗ ಸಿಲಿಂಡರಿನ ಎರಡು ಪಿಸ್ಟನ್‌ಗಳು ಅಂಚಿನ ಕಡೆ ಕೂತು ಕೆಲಸ ಮಾಡುತ್ತಿರುತ್ತವೆ. ಒಳಭಾಗದಲ್ಲಿ ವರ್ಷಗಟ್ಟಲೆ ಕೊಳೆ, ತುಕ್ಕು ಕಟ್ಟಿರುತ್ತದೆ. ಹೊಸ ಶೂ ದಪ್ಪ. ಪಿಸ್ಟನ್ ಒಳಕ್ಕೆ ಸರಿಯುತ್ತದೆ, ಆಯಿಲ್ ತಡೆಯುವ ರಬ್ಬರ್ ಸೀಲ್ ಆ ತುಕ್ಕಿನ ಮೇಲೆ ಉಜ್ಜಿ ಕಿತ್ತುಹೋಗುತ್ತದೆ. ಆಮೇಲೆ ಒಂದೊಂದೇ ಹನಿ. 70,000 ದಾಟಿದ ಕಾರಿಗೆ ಶೂ ಹಾಕುವಾಗ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿ ಒಳಗೆ ಒದ್ದೆ ಇದೆಯಾ ಅಂತ ನೋಡುವುದು ಹಳೇ ಮೆಕ್ಯಾನಿಕ್‌ಗಳ ಅಭ್ಯಾಸ. ಈಗಿನ ಅವಸರದಲ್ಲಿ ಅದು ತಪ್ಪಿಹೋಗಿದೆ.

ನೋಡುವುದು ಕಷ್ಟವಲ್ಲ. ನಾಲ್ಕೂ ಚಕ್ರದ ಒಳಮೈಗೆ ಟಾರ್ಚ್ ಬಿಡಿ. ಟೈರಿನ ಒಳಗಿನ ಗೋಡೆ, ಡ್ರಮ್ಮಿನ ಹಿಂದಿನ ತಗಡು ಒದ್ದೆಯಾಗಿ, ಧೂಳು ಮೆತ್ತಿಕೊಂಡು ಕಪ್ಪಾಗಿದೆಯಾ ನೋಡಿ. ರಾತ್ರಿ ನಿಲ್ಲಿಸುವಾಗ ಚಕ್ರಗಳ ಕೆಳಗೆ ಹಳೇ ರಟ್ಟು ಹಾಸಿ. ಬ್ರೇಕ್ ಆಯಿಲ್ ತೆಳ್ಳಗೆ, ಜಾರುಜಾರಾಗಿ, ತಿಳಿ ಹಳದಿ ಇರುತ್ತದೆ. ಕೈಗೆ ತಾಗಿದರೆ ತೊಳೆದುಕೊಳ್ಳಿ, ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ, ಪೇಂಟ್ ಎದ್ದುಹೋಗುತ್ತದೆ. ಎಂಜಿನ್ ಹಿಂಭಾಗದ ಕೆಳಗೆ ಬರೀ ನೀರು ಬಿದ್ದಿದ್ದರೆ ಅದು ಎಸಿಯದ್ದು. ಅದನ್ನು ನೋಡಿ ಬೆಚ್ಚಿಬಿದ್ದು ಫೋನ್ ಮಾಡುವವರು ಪ್ರತಿ ಬೇಸಿಗೆಯಲ್ಲೂ ನನಗೆ ಸಿಗುತ್ತಾರೆ.

ಇನ್ನು ಪೆಡಲ್. ಎಂಜಿನ್ ಆಫ್ ಇರಲಿ. ನಾಲ್ಕೈದು ಸಲ ಒತ್ತಿ, ಗಟ್ಟಿಯಾಗುತ್ತದೆ. ಆಗ ಬಲವಾಗಿ ಒತ್ತಿ ಒಂದು ನಿಮಿಷ ಹಿಡಿದುಕೊಳ್ಳಿ. ಕಾಲಿನಡಿ ಪೆಡಲ್ ನಿಧಾನಕ್ಕೆ ಕೆಳಗೆ ಇಳಿಯುತ್ತಾ ಹೋದರೆ ಒತ್ತಡ ಎಲ್ಲೋ ಸೋರುತ್ತಿದೆ. ಹಾಗೇ ಒತ್ತಿಕೊಂಡು ಎಂಜಿನ್ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಕೆಳಗೆ ಹೋಗಿ ನಿಂತರೆ ಗಾಬರಿ ಬೇಡ, ಅದು ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್ ಕೆಲಸ ಮಾಡುವ ಲಕ್ಷಣ.

ಮಟ್ಟ ಮಿನ್‌ಗಿಂತ ಕೆಳಗಿದ್ದರೆ, ಎಲ್ಲಾದರೂ ಒದ್ದೆ ಕಂಡರೆ, ಪೆಡಲ್ ಇಳಿದರೆ, ಈ ಮೂರರಲ್ಲಿ ಒಂದೇ ಒಂದು ನಿಜವಾದರೂ ಕಾರು ತೆಗೆಯಬೇಡಿ. ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಒಂದು ಬಾಟಲಿ ಆಯಿಲ್ ತಂದು ಮೇಲೆ ತುಂಬಿಸಿದರೆ ದೀಪ ಆರುತ್ತದೆ, ಸೋರಿಕೆ ಹಾಗೇ ಇರುತ್ತದೆ. ನಿಮಗೆ ಸೂಚನೆ ಕೊಡುತ್ತಿದ್ದ ಒಂದೇ ಒಂದು ದೀಪವನ್ನೂ ಕೈಯಾರೆ ಆರಿಸಿದ ಹಾಗಾಯಿತು.

"ಬ್ರೇಕ್ ಚೆನ್ನಾಗೇ ಹಿಡೀತಿದೆಯಲ್ಲ" ಅನ್ನುವ ಮಾತಿಗೂ ಇಲ್ಲೇ ಉತ್ತರ ಇದೆ. ಕಾರುಗಳಲ್ಲಿ ಬ್ರೇಕ್ ಲೈನ್ ಒಂದಲ್ಲ, ಎರಡು. ನಿಮ್ಮಂಥ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಬಲ, ಹಿಂದಿನ ಎಡ ಒಂದು ಜೋಡಿ, ಮುಂದಿನ ಎಡ, ಹಿಂದಿನ ಬಲ ಇನ್ನೊಂದು ಜೋಡಿ. ಒಂದು ಖಾಲಿಯಾದರೂ ಇನ್ನೊಂದು ನಿಲ್ಲಿಸಲಿ ಅಂತ ಹಾಗೆ ಮಾಡಿರುವುದು. ಸೋರಿಕೆ ಸಣ್ಣದಿದ್ದಾಗ ಊರೊಳಗೆ ಮೂವತ್ತು ನಲವತ್ತರಲ್ಲಿ ನಿಮಗೆ ಏನೂ ಗೊತ್ತಾಗುವುದಿಲ್ಲ. ನೀವು ಓಡಿಸುವ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನೂರರ ಮಿತಿ ಇದೆ. ನೂರರಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಬ್ರೇಕ್ ಅರ್ಧ ಇದೆ ಅಂತ ತಿಳಿದುಕೊಳ್ಳಲು ಅದು ಒಳ್ಳೆಯ ಜಾಗವಲ್ಲ.

ಮಟ್ಟ ಸರಿಯಾಗೇ ಇದ್ದರೆ? ಆಗ ಡಬ್ಬಿಗೆ ಸಿಕ್ಕಿಸಿರುವ ವೈರಿನ ಕಪ್ಲರ್ ಸಡಿಲ ಇರಬಹುದು, ಇಲ್ಲವೇ ಬಿಲ್ಲೆ ಸಿಕ್ಕಿಕೊಂಡಿರಬಹುದು. ನನ್ನ ಅಂದಾಜು ತಪ್ಪಾಯಿತು ಅಂತ ನಾನೇ ಖುಷಿಪಡುತ್ತೇನೆ.

ಈಗ ಹಳದಿ ದೀಪಕ್ಕೆ ಬರೋಣ

ಎರಡು ದೀಪ ಒಟ್ಟಿಗೆ ಕಂಡಾಗ ಜನ ಅದನ್ನು ಒಂದೇ ಕಾಯಿಲೆ ಅಂದುಕೊಳ್ಳುತ್ತಾರೆ. ಕೆಲವೊಮ್ಮೆ ಹೌದು. ಎಬಿಎಸ್ ಮತ್ತು ಕೆಂಪು ಬ್ರೇಕ್ ದೀಪ ಎರಡೂ ಒಟ್ಟಿಗೆ ಹತ್ತಿ, ಮಿಣುಕದೆ ಹಾಗೇ ನಿಂತರೆ, ಬಹಳಷ್ಟು ಕಾರುಗಳಲ್ಲಿ ಇಬಿಡಿ ಕೂಡ ಕೆಲಸ ನಿಲ್ಲಿಸಿದೆ ಅಂತ ಅರ್ಥ. ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕ್ ಹೋಗಬೇಕು ಅಂತ ಅಳೆದು ಕೊಡುವುದು ಇಬಿಡಿ. ಅದಿಲ್ಲದೆ ಜೋರಾಗಿ ಬ್ರೇಕ್ ಹೊಡೆದರೆ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಿ ಕಾರಿನ ಹಿಂಭಾಗ ಪಕ್ಕಕ್ಕೆ ಎಳೆಯಬಹುದು. ನಿಮ್ಮ ಕೆಂಪು ದೀಪ ತಿರುವಿನಲ್ಲಿ ಮಾತ್ರ ಮಿಣುಕುತ್ತದೆ, ಎಬಿಎಸ್ ದೀಪ ಹತ್ತಿದ ಕ್ಷಣದಲ್ಲಿ ಅಲ್ಲ. ಹಾಗಾಗಿ ನಿಮ್ಮ ಕಾರಿನಲ್ಲಿ ಇವು ಎರಡು ಬೇರೆ ಬೇರೆ ಸಂಗತಿ ಅಂತಲೇ ನಾನು ಹಿಡಿದು ಹೊರಡುತ್ತೇನೆ.

ಹಳದಿ ದೀಪದ ಬಗ್ಗೆ ನೀವು ಕೊಟ್ಟ ವಿವರ ಬಲು ಬೆಲೆಯದ್ದು. ಸ್ಟಾರ್ಟ್ ಮಾಡಿದಾಗ ಆರುತ್ತದೆ, ಸ್ವಲ್ಪ ದೂರ ಹೋದಮೇಲೆ ಹತ್ತುತ್ತದೆ. ಕೀ ತಿರುಗಿಸಿದಾಗ ಎಬಿಎಸ್ ಯೂನಿಟ್ (ನಿಮಗೆ ಹೇಳಿದ ಮಾಡ್ಯೂಲ್ ಇದೇ) ತನ್ನನ್ನು ತಾನೇ ಒಮ್ಮೆ ಪರೀಕ್ಷೆ ಮಾಡಿಕೊಳ್ಳುತ್ತದೆ. ಫ್ಯೂಸ್ ಇದೆಯಾ, ಸೆನ್ಸರಿನ ವೈರ್ ತುಂಡಾಗಿದೆಯಾ, ವೋಲ್ಟೇಜ್ ಸಾಕಷ್ಟಿದೆಯಾ, ಇವು ನಿಂತಲ್ಲೇ ಗೊತ್ತಾಗುತ್ತವೆ. ಅಲ್ಲಿ ತೊಂದರೆ ಇದ್ದರೆ ದೀಪ ಆರುವುದೇ ಇಲ್ಲ. ಆದರೆ ಚಕ್ರ ತಿರುಗುವ ಲೆಕ್ಕ ಸರಿಯಾಗಿ ಬರುತ್ತಿದೆಯಾ ಅನ್ನುವುದು ಕಾರು ಚಲಿಸಿದ ಮೇಲೇ ತಿಳಿಯುವುದು. ಮೂರು ಚಕ್ರ ಇಪ್ಪತ್ತರ ವೇಗ ಹೇಳುತ್ತಿವೆ, ನಾಲ್ಕನೆಯದು ಸೊನ್ನೆ ಹೇಳುತ್ತಿದೆ. ಯೂನಿಟ್‌ಗೆ ಇದು ನಂಬಿಕೆಗೆ ಬರುವುದಿಲ್ಲ. ದೀಪ ಹತ್ತಿಸಿ, ಎಬಿಎಸ್ ಬದಿಗಿಟ್ಟು ಸುಮ್ಮನಾಗುತ್ತದೆ.

ನಿಮ್ಮಲ್ಲಿ ಆಗುತ್ತಿರುವುದು ಇದೇ ಇರಬೇಕು. ಸೊನ್ನೆ ಹೇಳುತ್ತಿರುವ ಚಕ್ರ ಯಾವುದು ಅಂತ ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಹೊಸ ಬೇರಿಂಗ್ ಹಾಕಿದ್ದು ಹಿಂದಿನ ಎಡಕ್ಕೆ, ಅಲ್ವಾ?

ಹಿಂದೆಲ್ಲ ಚಕ್ರದ ವೇಗ ಅಳೆಯಲು ಹಲ್ಲಿನ ಉಂಗುರ ಇರುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು. ಈಗ ಅನೇಕ ಕಾರುಗಳಲ್ಲಿ ಬೇರಿಂಗಿನ ಒಂದು ಪಕ್ಕದ ಸೀಲ್‌ನಲ್ಲೇ ಆ ಕೆಲಸ ಅಡಗಿದೆ. ನೋಡಲು ಮಾಮೂಲಿ ಕಪ್ಪು ರಬ್ಬರ್ ಸೀಲ್. ಅದರೊಳಗೆ ಸುತ್ತಲೂ ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಅಂತ ಸಣ್ಣ ಸಣ್ಣ ಅಯಸ್ಕಾಂತದ ಪಟ್ಟಿಗಳು. ಅವು ಸೆನ್ಸರಿನ ಮುಂದೆ ಹಾದುಹೋಗುವ ಲೆಕ್ಕವೇ ಚಕ್ರದ ವೇಗ. ಬೇರಿಂಗನ್ನು ತಿರುಗಾಮುರುಗಾ ಕೂರಿಸಿದರೆ ಚಕ್ರ ಚೆನ್ನಾಗೇ ತಿರುಗುತ್ತದೆ, ಶಬ್ದ ಇರುವುದಿಲ್ಲ, ಓಡಿಸಿ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಅಯಸ್ಕಾಂತದ ಮುಖ ಸೆನ್ಸರ್ ಕಡೆಗೆ ಇರುವುದಿಲ್ಲ. ಎಬಿಎಸ್ ಇಲ್ಲದ ಮಾಡೆಲ್‌ನ ಬೇರಿಂಗ್ ಹಾಕಿದರೂ ಇದೇ ಕಥೆ. ಅಳತೆ ಒಂದೇ, ಬೆಲೆ ಕಮ್ಮಿ, ಅಂಗಡಿಯವನು ಕೊಟ್ಟಿರುತ್ತಾನೆ, ಇವರು ಹಾಕಿರುತ್ತಾರೆ. ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ನಿಮ್ಮದು ಅದಕ್ಕೂ ಹಿಂದಿನ ಕಾರು. ಆ ಕಾಲದ ಕೆಲವು ಮಾಡೆಲ್‌ಗಳು ಎಬಿಎಸ್ ಇರುವುದು, ಇಲ್ಲದ್ದು, ಎರಡೂ ಬಗೆಯಲ್ಲಿ ಬರುತ್ತಿದ್ದವು. ಹಾಗಾಗಿ ಬೇರಿಂಗೂ ಎರಡು ಬಗೆ. ಇನ್ನೂ ಒಂದು ಸಾಧ್ಯತೆ, ಹೊಸ ಬೇರಿಂಗನ್ನು ಯಾರೋ ಸ್ಪೀಕರಿನ ಅಯಸ್ಕಾಂತದ ಮೇಲೋ, ಮ್ಯಾಗ್ನೆಟ್ ಟ್ರೇಯಲ್ಲೋ ಇಟ್ಟಿದ್ದರೆ ಆ ಪಟ್ಟಿಗಳು ಅಳಿಸಿಹೋಗಿರುತ್ತವೆ.

ಬೇರಿಂಗ್ ಸರಿಯಾಗಿದ್ದರೆ ಎರಡನೇ ಅನುಮಾನ ಸೆನ್ಸರ್ ಮೇಲೆ. ಬೇರಿಂಗ್ ತೆಗೆಯುವಾಗ ಅನೇಕ ಸಲ ಸೆನ್ಸರನ್ನೂ ಕಳಚುತ್ತಾರೆ. ತುಕ್ಕು ಹಿಡಿದು ಕೂತಿದ್ದನ್ನು ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪ್ಲಾಸ್ಟಿಕ್ ಮೂತಿ ಒಡೆಯುತ್ತದೆ. ತುದಿಗೆ ಕಬ್ಬಿಣದ ಪುಡಿ ಅಂಟಿಕೊಂಡು, ಸೆನ್ಸರ್ ಪೂರ್ತಿ ಒಳಗೆ ಕೂರದೆ ಕೂದಲೆಳೆ ಎದ್ದು ನಿಂತರೂ ಸಾಕು, ಲೆಕ್ಕ ತಪ್ಪುತ್ತದೆ. ಮುಂದಿನ ಚಕ್ರದಲ್ಲಾದರೆ ಪ್ಯಾಡ್ ಹಾಕುವಾಗ ಕ್ಯಾಲಿಪರನ್ನು ಬಿಟ್ಟುಬಿಟ್ಟು ಸೆನ್ಸರ್ ವೈರ್ ಜಗ್ಗಿರುವುದುಂಟು. ಮೇಲಿನ ರಬ್ಬರ್ ಚೆನ್ನಾಗೇ ಕಾಣುತ್ತದೆ, ಒಳಗಿನ ತಾಮ್ರದ ಎಳೆ ತುಂಡಾಗಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ದೀಪ ಹತ್ತುವ ಎಬಿಎಸ್ ದೂರುಗಳಲ್ಲಿ ಇದು ಮಾಮೂಲು.

ನಮ್ಮ ಕಡೆಗೆ ಇನ್ನೊಂದು ಕಾರಣ ಸೇರಿಸಲೇಬೇಕು. ಇಲಿ. ಗದ್ದೆ, ಕಬ್ಬಿನ ತೋಟದ ಪಕ್ಕ ಕಾರು ನಿಲ್ಲಿಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬು ಕಡಿದ ಮೇಲಂತೂ ಅವು ಬೆಚ್ಚಗಿನ ಬಾನೆಟ್ ಹುಡುಕಿಕೊಂಡು ಬರುತ್ತವೆ. ಬ್ರೇಕ್ ಕೆಲಸಕ್ಕೂ ದೀಪಕ್ಕೂ ಏನೂ ಸಂಬಂಧವಿಲ್ಲದೆ, ಸುಮ್ನೆ ಅದೇ ವಾರ ಇಲಿ ವೈರ್ ಕಡಿದು ಗ್ಯಾರೇಜಿನವರು ಬೈಸಿಕೊಂಡದ್ದನ್ನೂ ನಾನು ನೋಡಿದ್ದೇನೆ.

ಮೂರು ಜನರ ಮೂರು ಮಾತು

ಮೊದಲ ಗ್ಯಾರೇಜಿನವರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಬರೀ ಎಬಿಎಸ್ ದೀಪ ಹತ್ತಿದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ. ಹಳೇ ಕಾಲದ ಕಾರು ಓಡಿಸಿದ ಹಾಗೆ. ಒಣ ರಸ್ತೆಯಲ್ಲಿ, ಅಂತರ ಬಿಟ್ಟು, ಗ್ಯಾರೇಜಿನ ತನಕ ಹೋಗಲು ಅಡ್ಡಿಯಿಲ್ಲ. ಎಬಿಎಸ್ ಇಲ್ಲದೆ ಕಳೆದುಕೊಳ್ಳುವುದು ಮುಖ್ಯವಾಗಿ ಒಂದನ್ನು, ಬ್ರೇಕ್ ಒತ್ತಿಕೊಂಡೇ ಕಾರನ್ನು ತಿರುಗಿಸುವ ಹಿಡಿತವನ್ನು. ಪೂರ್ತಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ, ಸ್ಟೀರಿಂಗ್ ಎತ್ತ ತಿರುಗಿಸಿದರೂ ಕಾರು ನೇರ ಜಾರುತ್ತಲೇ ಹೋಗುತ್ತದೆ. ಸರ್ವಿಸ್ ರಸ್ತೆಯಲ್ಲಿ ಹಿಂದೆ ಒಂದು ಕೆಂಪು ಬಟ್ಟೆಯೂ ಇಲ್ಲದೆ ನಿಂತ ಕಬ್ಬಿನ ಟ್ರ್ಯಾಕ್ಟರ್ ರಾತ್ರಿ ಹೊತ್ತು ತಟ್ಟನೆ ಎದುರಾದಾಗ ಪಕ್ಕಕ್ಕೆ ತಪ್ಪಿಸಿಕೊಳ್ಳಲು ಬೇಕಾಗುವುದು ಅದೇ. "ಸಂಬಂಧ ಇಲ್ಲ" ಅನ್ನುವುದು ಆ ಅರ್ಥದಲ್ಲಿ ತಪ್ಪು. ಕೆಂಪು ದೀಪವನ್ನೂ ಸೇರಿಸಿ ಹಾಗಂದಿದ್ದರೆ ಪೂರ್ತಿ ತಪ್ಪು.

ಎರಡನೆಯವರ ಮಾಡ್ಯೂಲ್. ಇದರಲ್ಲಿ ನನ್ನದೇ ಒಂದು ಎಡವಟ್ಟು ಹೇಳಿಕೊಳ್ಳಬೇಕು. ಎಬಿಎಸ್ ಕೆಲಸ ಹೊಸದಾಗಿ ಕಲಿಯುತ್ತಿದ್ದ ಕಾಲ. ಒಬ್ಬ ಗಿರಾಕಿ ಇದೇ ಥರ ದೀಪ ತಂದರು. ಎರಡು ಸೆನ್ಸರ್ ಬದಲಾಯಿಸಿದೆ, ಹೋಗಲಿಲ್ಲ. ಇನ್ನೇನು, ಮಾಡ್ಯೂಲೇ ಅಂದೆ. ಅವರು ಸಾಲ ಮಾಡಿ ದುಡ್ಡು ಹೊಂದಿಸಿದರು. ಹೊಸ ಮಾಡ್ಯೂಲ್ ಹಾಕಿ ಬೀದಿಯ ತುದಿಗೆ ಹೋಗುವಷ್ಟರಲ್ಲಿ ದೀಪ ಮತ್ತೆ ಹತ್ತಿತು. ಕೊನೆಗೆ ನೋಡಿದರೆ ಬೇರಿಂಗ್ ಉಲ್ಟಾ. ಆ ಮಾಡ್ಯೂಲಿನ ದುಡ್ಡು ತಿಂಗಳು ತಿಂಗಳು ನಾನೇ ತೀರಿಸಿದೆ. ಆಮೇಲಿಂದ ಮಾಡ್ಯೂಲ್ ಅನ್ನುವ ಪದ ನನ್ನ ಬಾಯಿಂದ ಕೊನೆಗೇ ಬರುವುದು.

ಮಾಡ್ಯೂಲ್ ಕೆಡುವುದೇ ಇಲ್ಲ ಅಂತಲ್ಲ. ಕೆಡುತ್ತದೆ. ಪಂಪಿನ ಮೋಟರ್ ಸುಟ್ಟುಹೋಗಬಹುದು, ಒಳಗಿನ ಬೋರ್ಡಿಗೆ ನೀರು ಹೋಗಬಹುದು. ಆದರೆ ಹಾಗಾದಾಗ ದೀಪ ಸಾಮಾನ್ಯವಾಗಿ ಕೀ ತಿರುಗಿಸಿದ ಕ್ಷಣದಿಂದಲೇ ಇರುತ್ತದೆ. ಕಾರಿನ ಯೂನಿಟ್‌ಗಳಲ್ಲಿ ದಾಖಲಾದ ದೋಷ ಓದುವ ಸ್ಕ್ಯಾನರ್ ಕೂಡ ಪಂಪು, ವಾಲ್ವು, ಒಳಗಿನ ದೋಷ ಅಂತ ತೋರಿಸುತ್ತದೆ. ನಿಮ್ಮ ಕಾರಿಗೆ ಸ್ಕ್ಯಾನರ್ ಹಾಕಿದ್ದರಾ? ಪತ್ರದಲ್ಲಿ ಆ ಮಾತೇ ಇಲ್ಲ. ಹಾಕದೆ ಹೇಳಿದ್ದರೆ ಅದು ಊಹೆ. ಇನ್ನೊಂದು ಎಚ್ಚರಿಕೆ, ಸೆಕೆಂಡ್ ಹ್ಯಾಂಡ್ ಮಾಡ್ಯೂಲ್ ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಅಂದರೆ, ಅನೇಕ ಕಾರುಗಳಲ್ಲಿ ಅದನ್ನು ನಿಮ್ಮ ಕಾರಿಗೆ ಕೋಡಿಂಗ್ ಮಾಡಬೇಕು, ಲೈನಿನ ಗಾಳಿಯನ್ನು ಸ್ಕ್ಯಾನರಿನಿಂದ ಪಂಪ್ ಓಡಿಸಿ ತೆಗೆಯಬೇಕು. ಆ ಸೌಲಭ್ಯ ಇಲ್ಲದ ಕಡೆ ಹಾಕಿಸಿದರೆ ದೀಪದ ಜೊತೆಗೆ ಮೆತ್ತನೆಯ ಪೆಡಲೂ ಮನೆಗೆ ಬರುತ್ತದೆ.

ನಿಮ್ಮ ಬಾಮೈದನಿಗೆ ಬೇಜಾರಾಗದಿರಲಿ. ಬ್ಯಾಟರಿ ಬಿಚ್ಚಿದರೆ ಎಬಿಎಸ್ ದೋಷದ ದಾಖಲೆ ಬಹುತೇಕ ಕಾರುಗಳಲ್ಲಿ ಅಳಿಯುವುದೇ ಇಲ್ಲ. ಅಳಿದರೂ ಸೊನ್ನೆ ಹೇಳುವ ಚಕ್ರ ಸೊನ್ನೆಯೇ ಹೇಳುತ್ತದೆ, ಮುಂದಿನ ಬೀದಿಯಲ್ಲಿ ದೀಪ ವಾಪಸ್. ಇಎಸ್‌ಪಿ (ತಿರುವಿನಲ್ಲಿ ಕಾರು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಎಲ್ಲಿದೆ ಅನ್ನುವ ಲೆಕ್ಕವೂ ಮರೆತುಹೋಗಿ ಇನ್ನೊಂದು ದೀಪ ಜಾಸ್ತಿಯಾಗುತ್ತದೆ. ಅವರು ಹೇಳದಿದ್ದರೂ ಯಾರಾದರೂ ಹೇಳಿಯೇ ಹೇಳುವ ಇನ್ನೊಂದು ಉಪಾಯ ಇದೆ, ಎಬಿಎಸ್ ಫ್ಯೂಸ್ ಕೀಳುವುದು, ಇಲ್ಲವೇ ಮೀಟರಿನ ಬಲ್ಬ್ ತೆಗೆಯುವುದು. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಎಲ್ಲಿ ತೋರಿಸುವುದು, ಏನು ಕೇಳುವುದು

ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಬ್ಲೂಟೂತ್ ಸ್ಕ್ಯಾನರ್ ತರಿಸಬೇಡಿ. ಅವು ಹೆಚ್ಚಾಗಿ ಎಂಜಿನ್ ದೋಷ ಮಾತ್ರ ಓದುತ್ತವೆ, ಪಿ ಅಕ್ಷರದಿಂದ ಶುರುವಾಗುವ ಕೋಡ್‌ಗಳು. ಎಬಿಎಸ್ ಕೋಡ್ ಸಿ ಅಕ್ಷರದ್ದು. ಅಗ್ಗದ ಡಬ್ಬಿ "ದೋಷವಿಲ್ಲ" ಅಂತ ತೋರಿಸುತ್ತದೆ, ನೀವು ನಂಬುತ್ತೀರಿ.

ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋದರೆ ಸ್ಕ್ಯಾನರ್ ಪಕ್ಕಾ ಇರುತ್ತದೆ, ಬೇರಿಂಗಿನ ಸರಿಯಾದ ಪಾರ್ಟ್ ನಂಬರ್ ಸಿಗುತ್ತದೆ. ತೊಂದರೆ ಏನೆಂದರೆ ಹೊರಗೆ ಕೆಲಸ ಮಾಡಿಸಿದ ಕಾರು ಅಂದಾಕ್ಷಣ ಕೆಲವರು ಇಡೀ ಹಬ್ಬು, ಡ್ರಮ್ಮು, ಸೆನ್ಸರು ಎಲ್ಲ ಬದಲಾಯಿಸುವ ಪಟ್ಟಿ ಕೊಡುತ್ತಾರೆ. ಮೈಸೂರಿನಲ್ಲಿ ಎಬಿಎಸ್ ಓದುವ ಸ್ಕ್ಯಾನರ್ ಇಟ್ಟುಕೊಂಡ ಖಾಸಗಿ ಗ್ಯಾರೇಜುಗಳು ಈಗ ಕಷ್ಟವಿಲ್ಲದೆ ಸಿಗುತ್ತವೆ. ಅಲ್ಲಿ ಖರ್ಚು ಕಮ್ಮಿ, ಆದರೆ ಸ್ಕ್ಯಾನರ್ ಇದ್ದಮಾತ್ರಕ್ಕೆ ಅದನ್ನು ಓದಲು ಬರುತ್ತದೆ ಅಂತೇನಿಲ್ಲ. ನನ್ನನ್ನು ಕೇಳಿದರೆ ಮೊದಲು ಕೆಲಸ ಮಾಡಿದ ಗ್ಯಾರೇಜಿಗೇ ಹೋಗಿ. ಏನೇನು ಬಿಚ್ಚಿದ್ದೆವು ಅಂತ ಗೊತ್ತಿರುವುದು ಅವರಿಗೇ. ಜಗಳವಾಡಿಕೊಂಡು ಹೋಗಬೇಡಿ, "ಅಣ್ಣಾ, ಹಿಂದಿನ ಎಡಗಡೆ ಒಂದ್ಸಲ ಬಿಚ್ಚಿ ನೋಡೋಣ" ಅನ್ನಿ.

ಎಲ್ಲಿಗೇ ಹೋದರೂ ಎರಡು ಕೇಳಿ. ಒಂದು, ಕೋಡ್ ಏನು ಬಂತು, ಫೋಟೊ ಕೊಡಿ. ಸಾಮಾನ್ಯ ಪಟ್ಟಿಯಲ್ಲಿ ಸಿ0035 ಮುಂದಿನ ಎಡ, ಸಿ0040 ಮುಂದಿನ ಬಲ, ಸಿ0045 ಹಿಂದಿನ ಎಡ, ಸಿ0050 ಹಿಂದಿನ ಬಲ ಚಕ್ರದ ಸೆನ್ಸರ್. ಕಂಪನಿಗಳು ತಮ್ಮದೇ ಬೇರೆ ನಂಬರ್ ಬಳಸುವುದೂ ಇದೆ, ಆಗಲೂ ಯಾವ ಚಕ್ರ ಅಂತ ಸ್ಕ್ರೀನಿನಲ್ಲಿ ಬರೆದಿರುತ್ತದೆ. ಎರಡನೆಯದು ಇನ್ನೂ ಮುಖ್ಯ. ಕೋಡ್ "ಸೆನ್ಸರ್" ಅಂತ ತೋರಿಸಿದರೆ ಸೆನ್ಸರ್ರೇ ಕೆಟ್ಟಿದೆ ಅಂತಲ್ಲ, ಆ ದಾರಿಯಲ್ಲಿ ಸುದ್ದಿ ಬರುತ್ತಿಲ್ಲ ಅಂತ ಅಷ್ಟೆ. ಹಾಗಾಗಿ ಒಬ್ಬರು ನಿಧಾನವಾಗಿ ಕಾರು ಓಡಿಸಲಿ, ಇನ್ನೊಬ್ಬರು ಪಕ್ಕದಲ್ಲಿ ಕೂತು ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರದ ವೇಗ ನೋಡಲಿ. ಮೂರು ಇಪ್ಪತ್ತೈದು, ಒಂದು ಸೊನ್ನೆ. ಅಥವಾ ಮೂರು ಇಪ್ಪತ್ತೈದು, ಒಂದು ಕುಣಿಯುತ್ತಿದೆ. ಸೊನ್ನೆಯಾದರೆ ಬೇರಿಂಗ್ ಮುಖ ಅಥವಾ ಸೆನ್ಸರ್. ಕುಣಿದರೆ ಕೊಳೆ, ಸಡಿಲ ಕೂತ ಸೆನ್ಸರ್, ಒಡೆದ ಉಂಗುರ. ಮಲ್ಟಿಮೀಟರ್ ಹಿಡಿದು ಓಮ್ (ವಿದ್ಯುತ್ ತಡೆ) ಅಳೆದು "ಸೆನ್ಸರ್ ಹೋಗಿದೆ" ಅಂದರೆ ಪೂರ್ತಿ ಒಪ್ಪಬೇಡಿ. ಹಳೇ ಬಗೆಯ ಸೆನ್ಸರಿಗೆ ಆ ಲೆಕ್ಕ ಸರಿ. ಈಗಿನ ಅಯಸ್ಕಾಂತದ ಬೇರಿಂಗ್ ಜೊತೆ ಬರುವ ಸೆನ್ಸರ್‌ಗಳ ಒಳಗೆ ಪುಟ್ಟ ಎಲೆಕ್ಟ್ರಾನಿಕ್ಸ್ ಇರುತ್ತದೆ, ಓಮ್ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಮಾದಪ್ಪನ ಬೆಟ್ಟ

ಕೆಂಪು ದೀಪದ ಕಾರಣ ಸಿಗುವ ತನಕ ಬೇಡ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಏರುವುದು ಸಮಸ್ಯೆಯಲ್ಲ. ತುಂಬಿದ ಕಾರಿನಲ್ಲಿ ಬೆಟ್ಟದ ಬುಡದ ತಾಳುಬೆಟ್ಟಕ್ಕೆ ಇಳಿಯುವಾಗ ತಿರುವಿಗೊಂದು ಬ್ರೇಕ್ ಒತ್ತಬೇಕು. ಎದುರಿಂದ ಬಸ್ಸು, ಪಕ್ಕದಲ್ಲಿ ಕಾಲ್ನಡಿಗೆಯ ಭಕ್ತರು. ಡ್ರಮ್ಮು, ಡಿಸ್ಕು ಕಾದು ಆ ಬಿಸಿ ಆಯಿಲ್‌ಗೆ ಇಳಿಯುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ತನಕ ಕುದಿಯದೆ ತಡೆಯಬೇಕು. ಗಾಳಿಯ ತೇವ ಹೀರಿ ಹಳೆಯದಾದ ಮೇಲೆ ಅದೇ ಮಿತಿ 155ರವರೆಗೂ ಇಳಿಯಬಹುದು. ಡಾಟ್ 3 ಆದರೆ 205 ಮತ್ತು 140. ನಿಮ್ಮದು ಹೊಸ ಆಯಿಲ್, ಅದು ಸಮಾಧಾನದ ವಿಷಯ. ಆದರೆ ಸೋರಿಕೆ ಇದ್ದು ಲೈನಿಗೆ ಗಾಳಿ ಸೇರಿದ್ದರೆ ಹೊಸ ಆಯಿಲ್ ಏನೂ ಮಾಡಲಾರದು.

ಕೆಂಪು ದೀಪ ಸರಿಯಾಗಿ, ಹಳದಿ ಮಾತ್ರ ಉಳಿದಿದ್ದರೆ? ಹೋಗಲೇಬಾರದು ಅಂತ ಹೇಳಲಾರೆ. ನಾನಾದರೆ ಹೋಗುವುದಿಲ್ಲ, ಮಳೆ ಇದ್ದರಂತೂ ಇಲ್ಲವೇ ಇಲ್ಲ. ಹೋದರೆ ಇಳಿಯುವಾಗ ಎರಡನೇ ಗೇರಿನಲ್ಲಿರಿ, ಎಂಜಿನ್ನೇ ಹಿಡಿಯಲಿ. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಹಾಕುವ ಅಭ್ಯಾಸ ಮನೆಯಲ್ಲಿ ಯಾರಿಗಿದ್ದರೂ ಅವರ ಕೈಗೆ ಕಾರು ಕೊಡಬೇಡಿ. ಕಾಲು ಬ್ರೇಕಿನ ಮೇಲೆ ಇಟ್ಟುಕೊಂಡೇ ಇರಬೇಡಿ, ಒತ್ತಿ, ವೇಗ ಇಳಿಸಿ, ಬಿಡಿ. ಅಮಾವಾಸ್ಯೆಗೆ ಕೊಳ್ಳೇಗಾಲದಿಂದ ಬೆಟ್ಟಕ್ಕೆ ಬಸ್ಸುಗಳಿಗೇನೂ ಬರವಿಲ್ಲ ಅನ್ನುವುದನ್ನೂ ನೆನಪಿಸುತ್ತೇನೆ.

ಕೊನೆಗೆ ದುಡ್ಡಿನ ಮಾತು. ನಿಪ್ಪಲ್ ಸಡಿಲ ಇದ್ದರೆ, ಸೆನ್ಸರ್ ಮೂತಿ ಒಡೆದಿದ್ದರೆ ಅದು ಪೂರ್ತಿ ಅವರ ಲೆಕ್ಕ, ಸಂಕೋಚವಿಲ್ಲದೆ ಕೇಳಿ. ವ್ಹೀಲ್ ಸಿಲಿಂಡರ್ ಸೋರುತ್ತಿದ್ದರೆ ಅದು ವಯಸ್ಸಿನ ಕಾಯಿಲೆ, ಸಿಲಿಂಡರಿನ ಬೆಲೆ ನೀವು ಕೊಡುವುದು ನ್ಯಾಯ. ಬಿಚ್ಚಿ ಹಾಕುವ ಕೂಲಿ ಇನ್ನೊಮ್ಮೆ ತೆಗೆದುಕೊಳ್ಳಬೇಡಿ ಅನ್ನಬಹುದು. ಆದರೆ ಆಯಿಲ್ ತಾಗಿ ನೆಂದ ಹೊಸ ಶೂಗಳನ್ನು ಒರೆಸಿ ಮತ್ತೆ ಹಾಕಲು ಬಿಡಬೇಡಿ, ಆ ಜೋಡಿ ಹೋದ ಹಾಗೆಯೇ. ಬೇರಿಂಗ್ ಉಲ್ಟಾ ಇದ್ದರೆ "ತೆಗೆದು ತಿರುಗಿಸಿ ಹಾಕ್ತೀವಿ" ಅನ್ನುತ್ತಾರೆ. ಅದಕ್ಕೂ ಒಪ್ಪಬೇಡಿ. ಪ್ರೆಸ್ಸಿನಲ್ಲಿ ಒತ್ತಿ ಹೊರಗೆ ತೆಗೆಯುವಾಗ ಬೇರಿಂಗಿನ ಗುಂಡುಗಳ ಮೇಲೆ ಇಡೀ ಬಲ ಬಿದ್ದು ಅದು ಕೆಟ್ಟಿರುತ್ತದೆ, ನಾಲ್ಕು ತಿಂಗಳಲ್ಲಿ ಮತ್ತೆ ಗುಂಯ್ ಶುರು. ಹೊಸದೇ ಹಾಕಲಿ, ಎಬಿಎಸ್ ಮಾಡೆಲ್‌ದೇ ಅಂತ ಡಬ್ಬಿಯ ಮೇಲಿನ ನಂಬರ್ ನೀವೇ ನೋಡಿ. ಹಳೆಯದನ್ನು ಕೇಳಿ ಇಸಿದುಕೊಳ್ಳಿ.